‘ಆ ಏರಿಯಾನೇ ಸರಿ ಇಲ್ಲ’: ಶಿಕಾಗೋದ ಮೂರು ನಕ್ಷೆಗಳು ಹೇಳಿದ ಕಥೆ



“ಆ ಏರಿಯಾನೇ ಸರಿ ಇಲ್ಲ ಗುರೂ.” ಈ ಮಾತನ್ನ ನೀವು ಎಷ್ಟು ಸಲ ಕೇಳಿರಬಹುದು? ರಾತ್ರಿ ಹತ್ತರ ಮೇಲೆ ಆಟೋದವರು ಹೇಳ್ತಾರೆ. ಬಾಡಿಗೆ ಮನೆ ಹುಡುಕುವಾಗ ಬ್ರೋಕರ್ ಹೇಳ್ತಾನೆ. ಸಂಬಂಧ ನೋಡೋಕೆ ಹೊರಟಾಗ ಮನೆಯಲ್ಲಿ ದೊಡ್ಡವರು ಹೇಳ್ತಾರೆ. ಚಿಕ್ಕ ಮಾತು, ಆದರೆ ಅದಕ್ಕೆ ಎರಡು ಅರ್ಥ ಇದೆ. ಒಂದು, ಆ ಜಾಗದಲ್ಲಿ ಬೀದಿದೀಪ ಇಲ್ಲ, ಕೆಲಸ ಇಲ್ಲ, ಶಾಲೆ ಸರಿ ಇಲ್ಲ, ಹೇಳೋರು ಕೇಳೋರು ಯಾರೂ ಇಲ್ಲ ಅಂತ. ಇನ್ನೊಂದು, ಅಲ್ಲಿರೋ ಜನರೇ ಅಂಥವರು ಅಂತ. ನಾವು ಹೇಳೋದು ಮೊದಲನೇ ಮಾತು, ಮನಸ್ಸಲ್ಲಿ ಇರೋದು ಬಹಳ ಸಲ ಎರಡನೆಯದು.

ತಪ್ಪು ಜಾಗದ್ದೋ, ಜನರದ್ದೋ? ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಶಿಕಾಗೋ ನಗರದಲ್ಲಿ ಇಬ್ಬರು ಈ ಪ್ರಶ್ನೆಯನ್ನ ವಾದ ಮಾಡಿ ಅಲ್ಲ, ಎಣಿಸಿ ಬಗೆಹರಿಸೋಕೆ ಹೊರಟರು. ಇವತ್ತು ಅವರ ಕಥೆ. ಅವರು ಕಂಡುಕೊಂಡದ್ದೂ ಇದೆ, ಅವರ ಕಣ್ಣಿಗೆ ಪೂರ್ತಿ ಬೀಳದೇ ಹೋದದ್ದೂ ಇದೆ.

ಅದಕ್ಕೂ ಮೊದಲು ಒಂದು ತಿಂಗಳನ್ನ ನೆನಪಿಟ್ಟುಕೊಳ್ಳಿ. 1871ರ ಅಕ್ಟೋಬರ್. ಆ ತಿಂಗಳ 8ನೇ ತಾರೀಖು ರಾತ್ರಿ ಶಿಕಾಗೋಗೆ ಬೆಂಕಿ ಬಿತ್ತು. ಎರಡು ದಿನ ಉರಿದು ನಗರದ ನಡುಭಾಗವೇ ಬೂದಿಯಾಯ್ತು. ಅದೇ ವಾರ, 12ನೇ ತಾರೀಖು, ನಮ್ಮ ದೇಶದಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾನೂನಿಗೆ ಒಪ್ಪಿಗೆ ಹಾಕಿತು. ಅದರ ಹೆಸರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಕನ್ನಡದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಎರಡಕ್ಕೂ ಏನೂ ಸಂಬಂಧ ಇಲ್ಲ. ಆದರೆ ಮುಂದಿನ ಐವತ್ತು ಅರವತ್ತು ವರ್ಷದಲ್ಲಿ ಒಂದೇ ಪ್ರಶ್ನೆಗೆ ಈ ಎರಡೂ ಕಡೆ ಪೂರ್ತಿ ಬೇರೆ ಬೇರೆ ಉತ್ತರ ಹುಟ್ಟಿದವು.

ಬ್ರಿಟಿಷರ ಉತ್ತರ ಸರಳ. ಕಳ್ಳತನ ಕೆಲವು ಸಮುದಾಯಗಳ ಕುಲಕಸುಬು, ಅದು ಅಪ್ಪನಿಂದ ಮಗನಿಗೆ ಬರುತ್ತೆ. ಹಾಗಾಗಿ ಒಬ್ಬೊಬ್ಬ ಕಳ್ಳನನ್ನ ಹಿಡಿಯೋದು ಯಾಕೆ, ಇಡೀ ಸಮುದಾಯದ ಹೆಸರನ್ನೇ ರಿಜಿಸ್ಟರಿಗೆ ಹಾಕಿಬಿಡಿ. ಹೆಸರು ಬಿದ್ದವರು ಹಾಜರಿ ಕೊಡಬೇಕು. ಊರು ಬಿಟ್ಟು ಹೋಗಬೇಕಾದರೆ ಪಾಸ್ ಬೇಕು. ಊರಿಂದ ಊರಿಗೆ ತಿರುಗಿ ವ್ಯಾಪಾರ ಮಾಡ್ತಿದ್ದವರು, ಆಟ ತೋರಿಸ್ತಿದ್ದವರು, ಎತ್ತಿನ ಮೇಲೆ ಉಪ್ಪು ಸಾಗಿಸ್ತಿದ್ದವರೂ ಈ ಪಟ್ಟಿಗೆ ಸೇರಿದರು. ರೈಲು ಬಂದು ಅವರ ಹಳೇ ಜೀವನೋಪಾಯ ಹೋಗಿತ್ತು ಅನ್ನೋದನ್ನ ಪಟ್ಟಿ ಬರೆಯೋರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಆಮೇಲೆ ಅವರನ್ನ ಇಡೋಕೆ ‘ಸೆಟ್ಲ್‌ಮೆಂಟ್’ಗಳನ್ನ ಕಟ್ಟಿದರು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ವಿಜಯಪುರದಲ್ಲಿ, ಹುಬ್ಬಳ್ಳಿಯಲ್ಲಿ ಇಂಥ ಸೆಟ್ಲ್‌ಮೆಂಟ್ ಇದ್ದವು. ಹುಬ್ಬಳ್ಳಿ ಕೇಳುಗರಿಗೆ ಇದನ್ನ ವಿವರಿಸಬೇಕಾಗಿಲ್ಲ. ಆ ಹೆಸರಿನ ಬಡಾವಣೆ ಈಗಲೂ ಅಲ್ಲಿದೆ.

ಈಗ ಶಿಕಾಗೋಗೆ ಹೋಗೋಣ.

ಬೆಂಕಿಯಿಂದ ಎದ್ದ ಆ ಊರು ಬೆಳೆದ ವೇಗ ಭಯಂಕರ. 1880ರಲ್ಲಿ ಸುಮಾರು 5 ಲಕ್ಷ ಜನ, 1900ಕ್ಕೆ ಸುಮಾರು 17 ಲಕ್ಷ, 1930ಕ್ಕೆ 33 ಲಕ್ಷ ದಾಟಿತ್ತು. ಬೆಂಗಳೂರು ಉಬ್ಬಿದ್ದನ್ನ ನೋಡಿದ ನಮಗೆ ಇದು ಅರ್ಥ ಆಗುತ್ತೆ. ಕಸಾಯಿಖಾನೆಗಳು, ಉಕ್ಕಿನ ಕಾರ್ಖಾನೆಗಳು, ರೈಲ್ವೆ ಯಾರ್ಡ್‌ಗಳು, ಎಲ್ಲಕ್ಕೂ ಕೈ ಬೇಕಿತ್ತು. ಕೈಗಳು ಯುರೋಪಿನಿಂದ ಹಡಗಲ್ಲಿ ಬಂದವು. ಮೊದಲು ಜರ್ಮನರು, ಐರಿಷ್ ಜನ, ಸ್ವೀಡನ್ನಿನವರು. ಆಮೇಲೆ ಪೋಲೆಂಡಿನವರು, ಇಟಲಿಯವರು, ಚೆಕ್ ಜನ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಕಪ್ಪು ಜನ.

ಹೊಸಬರು ಬಂದಾಗ ಹಳಬರು ಏನಂತಾರೆ? ಎಲ್ಲ ಕಡೆ ಹೇಳೋದೇ. ಐರಿಷ್ ಜನ ಕುಡುಕರು, ಜಗಳಗಂಟರು ಅಂದರು. ಇಟಲಿಯವರು ಬಂದ ಮೇಲೆ ಅವರ ರಕ್ತದಲ್ಲೇ ಚಾಕು ಇದೆ ಅಂದರು. ಇದು ಬರೀ ಬೀದಿ ಮಾತಾಗಿದ್ದರೆ ಹೋಗಲಿ ಅನ್ನಬಹುದಿತ್ತು. 1924ರಲ್ಲಿ ಅಮೆರಿಕ ವಲಸೆ ಕಾನೂನನ್ನೇ ಬದಲಿಸಿ, ದಕ್ಷಿಣ ಮತ್ತು ಪೂರ್ವ ಯುರೋಪಿನವರ ಬಾಗಿಲು ಬಹುಪಾಲು ಮುಚ್ಚಿ, ಏಷ್ಯಾದವರಿಗೆ ಪೂರ್ತಿಯೇ ಮುಚ್ಚಿತು. ಒಳ್ಳೆ ರಕ್ತ, ಕೆಟ್ಟ ರಕ್ತ ಅನ್ನೋ ವಾದ ಅದರ ಹಿಂದೆ ಜೋರಾಗೇ ಇತ್ತು. ಅದೇ 1924ರಲ್ಲಿ ಭಾರತದ ಅಪರಾಧಿ ಬುಡಕಟ್ಟು ಕಾಯ್ದೆಯನ್ನೂ ಒಟ್ಟುಗೂಡಿಸಿ ಹೊಸದಾಗಿ ಬರೆದರು. ಅಂದರೆ ಕಾಲವೇ ಅಂಥದ್ದು. ರಕ್ತದ ಮೇಲೆ ಎಲ್ಲರಿಗೂ ಬಹಳ ನಂಬಿಕೆ.

ಈ ಗಾಳಿಯಲ್ಲಿ ಕೆಲಸ ಶುರು ಮಾಡಿದವರು ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ. ಇಬ್ಬರೂ ಹಳ್ಳಿ ಕಡೆಯಿಂದ ಬಂದವರು, ಶಾ ಇಂಡಿಯಾನಾದವರು, ಮೆಕೇ ಸೌತ್ ಡಕೋಟಾದವರು. ಇಬ್ಬರೂ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದರು. ಶಾ ಪ್ರೊಬೇಷನ್ ಅಧಿಕಾರಿಯಾಗಿಯೂ ದುಡಿದಿದ್ದರು, ಕೇಸಾದ ಹುಡುಗರ ಮನೆಗೆ ಹೋಗಿ ಕೂತು ಮಾತಾಡಿದ ಅನುಭವ ಇತ್ತು. ಆ ವಿಶ್ವವಿದ್ಯಾಲಯದ ವಾತಾವರಣವೂ ಹಾಗೇ. ಅಲ್ಲಿನ ದೊಡ್ಡ ಮೇಷ್ಟ್ರು ರಾಬರ್ಟ್ ಪಾರ್ಕ್, ಹಿಂದೆ ಪತ್ರಕರ್ತರಾಗಿದ್ದವರು. ಲೈಬ್ರರಿ ಬಿಡಿ, ಬೀದಿ ಸುತ್ತಿ ಅಂತ ವಿದ್ಯಾರ್ಥಿಗಳನ್ನ ಅಟ್ಟುತ್ತಿದ್ದರು. ಇನ್ನೊಬ್ಬ ಮೇಷ್ಟ್ರು ಅರ್ನೆಸ್ಟ್ ಬರ್ಜೆಸ್ ನಗರವನ್ನ ಬಿಲ್ಲುಗುರಿ ಹಲಗೆ ತರ, ಒಂದರೊಳಗೊಂದು ವೃತ್ತಗಳಾಗಿ ಬರೆದು ತೋರಿಸಿದ್ದರು. ನಡುವೆ ವ್ಯಾಪಾರ. ಅದರ ಸುತ್ತ ಕಾರ್ಖಾನೆ, ಹಳೇ ವಠಾರ, ಇವತ್ತು ಬಂದು ನಾಳೆ ಹೋಗುವ ಜನ. ಅದರಾಚೆ ಕಾರ್ಮಿಕರ ಮನೆ, ಆಮೇಲೆ ಮಧ್ಯಮವರ್ಗ, ಕೊನೇಲಿ ರೈಲು ಹತ್ತಿ ಕೆಲಸಕ್ಕೆ ಬರೋರ ಬಡಾವಣೆಗಳು.

ಶಾ ಮತ್ತು ಮೆಕೇಗೆ ಒಂದು ನಿಧಿ ಸಿಕ್ಕಿತ್ತು. 1899ರಲ್ಲಿ ಶಿಕಾಗೋದ ಕುಕ್ ಕೌಂಟಿಯಲ್ಲಿ ಮಕ್ಕಳಿಗಾಗೇ ಪ್ರತ್ಯೇಕ ನ್ಯಾಯಾಲಯ ಶುರುವಾಗಿತ್ತು, ಅಮೆರಿಕಕ್ಕೇ ಮೊದಲನೆಯದು. ಅಲ್ಲಿಗೆ ಬಂದ ಪ್ರತಿ ಹುಡುಗನ ಮನೆ ವಿಳಾಸ ದಾಖಲೆಯಲ್ಲಿತ್ತು. ಇವರು ಮಾಡಿದ್ದು ಇಷ್ಟೇ. ನಗರದ ದೊಡ್ಡ ನಕ್ಷೆ ತಗೊಂಡು, ಒಬ್ಬೊಬ್ಬ ಹುಡುಗನ ಮನೆಗೆ ಒಂದೊಂದು ಚುಕ್ಕಿ ಇಟ್ಟರು. ಗಮನಿಸಿ, ಕಳ್ಳತನ ಆದ ಜಾಗಕ್ಕೆ ಅಲ್ಲ, ಹುಡುಗನ ಮನೆಗೆ. ಮೊದಲ ನಕ್ಷೆ 1900ರಿಂದ 1906ರವರೆಗಿನ ಕೇಸುಗಳದ್ದು. ಎರಡನೆಯದು 1917ರಿಂದ 1923. ಮೂರನೆಯದು 1927ರಿಂದ 1933. ಒಂದೊಂದರಲ್ಲೂ 8 ಸಾವಿರಕ್ಕೂ ಹೆಚ್ಚು ಹುಡುಗರು. ಕಂಪ್ಯೂಟರ್ ಇಲ್ಲ, ಗೂಗಲ್ ಮ್ಯಾಪ್ ಇಲ್ಲ. ಕೈಯಲ್ಲಿ, ಒಂದೊಂದೇ ಚುಕ್ಕಿ.

ಬರೀ ಚುಕ್ಕಿ ಎಣಿಸಿದರೆ ಮೋಸ ಹೋಗ್ತೀವಿ, ಜನ ಜಾಸ್ತಿ ಇದ್ದ ಕಡೆ ಚುಕ್ಕಿಯೂ ಜಾಸ್ತಿ ಇರುತ್ತೆ. ಹಾಗಾಗಿ ಆಯಾ ಪ್ರದೇಶದ ಅದೇ ವಯಸ್ಸಿನ ನೂರು ಹುಡುಗರಿಗೆ ಎಷ್ಟು ಅಂತ ಲೆಕ್ಕ ಹಾಕಿದರು. ಮೂರನೇ ನಕ್ಷೆಯಲ್ಲಿ, ನಗರದ ನಡುಭಾಗದಲ್ಲಿ ನೂರಕ್ಕೆ ಹತ್ತಿರ ಹತ್ತಿರ 10 ಹುಡುಗರು ಕೋರ್ಟು ನೋಡಿದ್ದರು. ಹೊರಗೆ ಹೋಗ್ತಾ ಹೋಗ್ತಾ ಅದು ಇಳಿದು ಅಂಚಿನಲ್ಲಿ ನೂರಕ್ಕೆ 2ರಷ್ಟಾಗಿತ್ತು. ಬರ್ಜೆಸ್ ಬರೆದ ವೃತ್ತಗಳ ಮೇಲೆ ಮೆಟ್ಟಿಲು ಇಳಿದ ಹಾಗೆ.

ಬಡವರಿರೋ ಕಡೆ ಕೇಸು ಜಾಸ್ತಿ, ಇದರಲ್ಲೇನು ವಿಶೇಷ ಅಂತೀರಾ? ವಿಶೇಷ ಇರೋದು ಮೂರು ನಕ್ಷೆಗಳನ್ನ ಪಕ್ಕಪಕ್ಕ ಇಟ್ಟಾಗ. ಮೂವತ್ತು ವರ್ಷ ಕಳೆದರೂ ಮೂರರ ಆಕಾರವೂ ಹೆಚ್ಚುಕಮ್ಮಿ ಒಂದೇ! ಕಪ್ಪಾಗಿ ಚುಕ್ಕಿ ಮೆತ್ತಿದ ಜಾಗಗಳು ಅವೇ. ಆದರೆ ಅಷ್ಟರಲ್ಲಿ ಆ ಜಾಗಗಳ ಜನ ಪೂರ್ತಿ ಬದಲಾಗಿಬಿಟ್ಟಿದ್ದರು. ಐರಿಷ್ ಮತ್ತು ಜರ್ಮನ್ ಕುಟುಂಬಗಳು ನಾಲ್ಕು ಕಾಸು ಮಾಡಿಕೊಂಡು ಹೊರವಲಯಕ್ಕೆ ಹೋಗಿದ್ದವು. ಅದೇ ವಠಾರಗಳಿಗೆ ಪೋಲಿಷ್, ಇಟಾಲಿಯನ್ ಕುಟುಂಬಗಳು ಬಂದಿದ್ದವು. ಹೋದವರ ಮಕ್ಕಳ ಕೇಸು ಹೊಸ ಜಾಗದಲ್ಲಿ ಇಳಿದಿತ್ತು. ಬಂದವರ ಮಕ್ಕಳ ಕೇಸು ಹಳೇ ಜಾಗದಲ್ಲಿ ಏರಿತ್ತು.

ಇದರ ಅರ್ಥ ನೋಡಿ. ಅಪರಾಧ ಐರಿಷ್ ರಕ್ತದಲ್ಲಿ ಇದ್ದಿದ್ದರೆ ಅವರ ಜೊತೆ ಅದೂ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಬಾಡಿಗೆದಾರರು ಬದಲಾದರು, ಚುಕ್ಕಿಗಳು ಅಲ್ಲೇ ಉಳಿದವು. ನನ್ನ ಮಟ್ಟಿಗೆ ಸಮಾಜಶಾಸ್ತ್ರದಲ್ಲಿ ಇಷ್ಟು ಸರಳವಾಗಿ, ಇಷ್ಟು ಗಟ್ಟಿಯಾಗಿ ಒಂದು ಪೂರ್ವಗ್ರಹಕ್ಕೆ ಪೆಟ್ಟು ಕೊಟ್ಟ ಕೆಲಸ ಬಹಳ ಕಡಿಮೆ. 1942ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಅದೇ ನಕ್ಷೆಯ ಮೇಲೆ ಶಿಶುಮರಣ, ಕ್ಷಯರೋಗ, ಶಾಲೆ ತಪ್ಪಿಸುವ ಮಕ್ಕಳ ಲೆಕ್ಕವನ್ನೂ ಇಟ್ಟಿದ್ದರು. ಎಲ್ಲವೂ ಅವೇ ಜಾಗಗಳಲ್ಲಿ ಗುಂಪುಗಟ್ಟಿದ್ದವು.

ಹಾಗಾದರೆ ಜಾಗ ಒಬ್ಬ ಹುಡುಗನಿಗೆ ಏನು ಮಾಡುತ್ತೆ? ಗೋಡೆ, ಚರಂಡಿ ಯಾರಿಗೂ ಕಳ್ಳತನ ಕಲಿಸಲ್ಲ. ಶಾ ಇದಕ್ಕೆ ಹುಡುಗರನ್ನೇ ಕೇಳಿದರು. ಅವರ ಜೀವನಕಥೆಗಳನ್ನ ಅವರ ಮಾತಲ್ಲೇ ಬರೆಸಿದರು. 1930ರಲ್ಲಿ ಬಂದ ‘ದಿ ಜ್ಯಾಕ್ ರೋಲರ್’ ಅಂಥದ್ದೊಂದು. ಕುಡಿದು ಬಿದ್ದವರ ಜೇಬು ಖಾಲಿ ಮಾಡೋರಿಗೆ ಅಲ್ಲಿ ಆ ಹೆಸರು. ಕಥೆ ಹೇಳಿದ ಹುಡುಗನಿಗೆ ಸ್ಟ್ಯಾನ್ಲಿ ಅಂತ ಬೇರೆ ಹೆಸರಿಟ್ಟರು. ಪೋಲಿಷ್ ಕುಟುಂಬ, ಕಸಾಯಿಖಾನೆಗಳ ಹಿಂದಿನ ಬಡಾವಣೆ. ಮಲತಾಯಿಯೇ ಅವನನ್ನ ತನ್ನ ಮಗನ ಜೊತೆ ಕದಿಯೋಕೆ ಕಳಿಸ್ತಿದ್ದಳು, ನಿಂತ ಗೂಡ್ಸ್ ರೈಲುಗಳಿಂದ. ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಕಾಣೋದು ಒಂದೇ ಏರ್ಪಾಟು. ಎರಡು ಮೂರು ವರ್ಷ ದೊಡ್ಡ ಹುಡುಗ ಚಿಕ್ಕವನಿಗೆ ಕಲಿಸ್ತಾನೆ. ಕದ್ದ ಮಾಲು ಕೊಳ್ಳೋಕೆ ಗುಜರಿಯವನು ಇದ್ದಾನೆ. ಕಾರಲ್ಲಿ ಓಡಾಡೋ ಗ್ಯಾಂಗಿನವನು ಕಣ್ಣೆದುರಿಗೇ ಇದ್ದಾನೆ. ಅಪ್ಪ ಹನ್ನೆರಡು ಗಂಟೆ ದುಡಿದು ಬಂದು ಮಲಗ್ತಾನೆ, ಅವನಿಗೆ ಆ ಊರಿನ ಭಾಷೆಯೂ ಸರಿಯಾಗಿ ಬರಲ್ಲ. ಪಕ್ಕದ ಮನೆಯವರು ನಿನ್ನೆ ಬಂದವರು, ನಾಡಿದ್ದು ಹೋಗೋರು. ಯಾರ ಮಗ ಯಾರು ಅಂತ ಯಾರಿಗೂ ಗೊತ್ತಿಲ್ಲ. ಬೈಯೋಕೆ ಯಾರಿಗೂ ಹಕ್ಕಿಲ್ಲ. ನಮ್ಮ ಊರಲ್ಲಿ ಸಿಗರೇಟು ಹಚ್ಚಿದ್ದು ಸಂಜೆಯೊಳಗೆ ಮನೆಗೆ ಮುಟ್ಟುತ್ತಿತ್ತಲ್ಲ, ಆ ಜಾಲ ಅಲ್ಲಿ ಇರಲಿಲ್ಲ.

ಶಾ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1930ರ ದಶಕದ ಮೊದಲಲ್ಲೇ ‘ಶಿಕಾಗೋ ಏರಿಯಾ ಪ್ರಾಜೆಕ್ಟ್’ ಶುರು ಮಾಡಿದರು. ಉಕ್ಕಿನ ಕಾರ್ಖಾನೆ ಪಕ್ಕದ ರಸೆಲ್ ಸ್ಕ್ವೇರ್ ಅನ್ನೋ ಪೋಲಿಷ್ ಬಡಾವಣೆ ಅವರ ಮೊದಲ ಪ್ರಯೋಗಗಳಲ್ಲೊಂದು. ವಿಚಾರ ಆಗಿನ ಕಾಲಕ್ಕೆ ವಿಚಿತ್ರ. ಹೊರಗಿನಿಂದ ಸಮಾಜಸೇವಕರನ್ನ ಕಳಿಸೋ ಬದಲು ಅಲ್ಲಿಯ ಚರ್ಚು, ಅಲ್ಲಿಯ ಅಪ್ಪಂದಿರು, ಅಲ್ಲಿಯ ಅಂಗಡಿಯವರು ಸೇರಿ ಸಮಿತಿ ಮಾಡಬೇಕು. ಸಂಬಳಕ್ಕೆ ಇಡುವವರೂ ಅದೇ ಬೀದಿಯವರು, ಜೈಲು ನೋಡಿ ಬಂದವರಾದರೂ ಸರಿ. ಆಟದ ಕ್ಲಬ್ಬು, ಬೇಸಿಗೆ ಶಿಬಿರ, ಹುಡುಗ ಸಿಕ್ಕಿಬಿದ್ದಾಗ ಪೊಲೀಸರ ಜೊತೆ ಮಾತಾಡೋಕೆ ಹೋಗೋದು, ಬಿಡುಗಡೆಯಾಗಿ ಬಂದವನಿಗೆ ಕೆಲಸ ಹುಡುಕೋದು. ಆ ಸಂಸ್ಥೆ ಇವತ್ತಿಗೂ ಇದೆ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಆದರೆ ಇದರಲ್ಲಿ ಒಂದು ದೊಡ್ಡ ತೂತು ಇದೆ. ಶಾ ಮತ್ತು ಮೆಕೇ ಓದುವಾಗ, ವಲಸಿಗರು ನಡುಭಾಗಕ್ಕೆ ಬಂದು, ದುಡಿದು, ಹೊರಗೆ ಹೋಗೋದು ಹರಿಯೋ ನೀರಿನಷ್ಟೇ ಸಹಜ ಅನ್ನಿಸುತ್ತೆ. ಒಂದು ಗುಂಪಿಗೆ ಮಾತ್ರ ಆ ನೀರು ಹರಿಯಲೇ ಇಲ್ಲ. 1910ರಲ್ಲಿ ಶಿಕಾಗೋದಲ್ಲಿ ಕಪ್ಪು ಜನರ ಸಂಖ್ಯೆ ಸುಮಾರು 44 ಸಾವಿರ, 1930ಕ್ಕೆ ಸುಮಾರು 2 ಲಕ್ಷದ 34 ಸಾವಿರ. ಅಷ್ಟೂ ಜನ ಬಹುಪಾಲು ನಗರದ ದಕ್ಷಿಣದ ಒಂದು ಕಿರಿದಾದ ಪಟ್ಟಿಯಲ್ಲಿ. ದುಡ್ಡು ಇದ್ದವರೂ ಅಲ್ಲೇ. ಯಾಕೆಂದರೆ ಬಿಳಿಯರ ಬಡಾವಣೆಗಳಲ್ಲಿ ಮನೆ ಪತ್ರದಲ್ಲೇ ಬರೆದಿರುತ್ತಿತ್ತು, ಇದನ್ನ ಕಪ್ಪು ಜನರಿಗೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ ಅಂತ. ಪತ್ರ ಇಲ್ಲದ ಕಡೆ ಕಲ್ಲು ಇತ್ತು. 1919ರ ಜುಲೈನಲ್ಲಿ ಕೆರೆದಡದಲ್ಲಿ ಈಜುತ್ತಿದ್ದ ಒಬ್ಬ ಕಪ್ಪು ಹುಡುಗ ಕಾಣದ ಗೆರೆ ದಾಟಿದ ಅಂತ ಕಲ್ಲು ತೂರಿದರು. ಅವನು ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು.

ಆಮೇಲೆ ಸರ್ಕಾರವೇ ಬಣ್ಣದ ಪೆನ್ಸಿಲ್ ಹಿಡಿಯಿತು. ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮನೆ ಸಾಲದವರನ್ನ ಉಳಿಸೋಕೆ ಅಂತ ಒಂದು ನಿಗಮ ಹುಟ್ಟಿತು. ಅದು ನಗರಗಳ ಬಡಾವಣೆಗಳನ್ನ ನಾಲ್ಕು ದರ್ಜೆ ಮಾಡಿ ನಕ್ಷೆ ಬರೆಯಿತು. ಹಸಿರು, ನೀಲಿ, ಹಳದಿ, ಕೆಂಪು. ಕಪ್ಪು ಜನ ಇದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಂಪು, ಅಂದರೆ ಅಪಾಯ. ಮನೆ ಸಾಲಕ್ಕೆ ವಿಮೆ ಕೊಡುತ್ತಿದ್ದ ಇನ್ನೊಂದು ಸರ್ಕಾರಿ ಇಲಾಖೆಯೂ ಅಂಥ ಕಡೆ ಕೈ ಎತ್ತುತ್ತಿತ್ತು. ಸಾಲ ಇಲ್ಲ ಅಂದರೆ ಮನೆ ಕೊಳ್ಳೋಕೆ ಆಗಲ್ಲ, ಇರೋ ಮನೆ ರಿಪೇರಿಯೂ ಆಗಲ್ಲ. ಇಲ್ಲೊಂದು ಕಹಿ ತಮಾಷೆ ಇದೆ. ಶಾ ಮತ್ತು ಮೆಕೇ ಓದಿದ ಅದೇ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಹೋಮರ್ ಹಾಯ್ಟ್, ಯಾವ ಜನಾಂಗ ಬಂದರೆ ಜಮೀನಿನ ಬೆಲೆ ಎಷ್ಟು ಕೆಡುತ್ತೆ ಅಂತ 1933ರ ತನ್ನ ಪುಸ್ತಕದಲ್ಲಿ ಸಾಲಾಗಿ ಪಟ್ಟಿ ಕೊಟ್ಟಿದ್ದ. ಆಮೇಲೆ ಅದೇ ವಿಮಾ ಇಲಾಖೆಗೆ ಕೆಲಸಕ್ಕೆ ಸೇರಿದ. ಒಂದೇ ಊರು, ಒಂದೇ ದಶಕ. ಒಬ್ಬರ ನಕ್ಷೆ ಜನರನ್ನ ಆರೋಪದಿಂದ ಬಿಡಿಸಿತು, ಇನ್ನೊಬ್ಬರ ನಕ್ಷೆ ಅಲ್ಲೇ ಕಟ್ಟಿಹಾಕಿತು.

ಹೀಗೆ ಕಟ್ಟಿಹಾಕಿದ ಜಾಗದಲ್ಲಿ ಚುಕ್ಕಿ ಜಾಸ್ತಿ ಆದಾಗ ಜನ ಏನಂದರು? ಮತ್ತೆ ಅದೇ, ರಕ್ತ. ಶಾ ಮತ್ತು ಮೆಕೇ ಇದಕ್ಕೆ ಸೊಪ್ಪು ಹಾಕಲಿಲ್ಲ ಅನ್ನೋದನ್ನ ಹೇಳಲೇಬೇಕು. ಕಪ್ಪು ಹುಡುಗರ ಲೆಕ್ಕವನ್ನ ಬಿಳಿ ಹುಡುಗರ ಲೆಕ್ಕಕ್ಕೆ ಹೋಲಿಸೋಕೆ ಬರಲ್ಲ, ಯಾಕೆಂದರೆ ಅಷ್ಟು ಕೆಟ್ಟ ಸ್ಥಿತಿಯ ಬಿಳಿಯರ ಬಡಾವಣೆ ಇಡೀ ನಗರದಲ್ಲಿ ಇಲ್ಲ ಅನ್ನೋ ಅರ್ಥದಲ್ಲಿ ಅವರೇ ಬರೆದಿದ್ದಾರೆ. ಆದರೆ ಆ ಸ್ಥಿತಿಯನ್ನ ಯಾರು ಮಾಡಿದರು, ಯಾವ ಕಾಗದದಲ್ಲಿ ಯಾರ ಸಹಿ ಇದೆ ಅನ್ನೋದನ್ನ ಅವರು ಕೆದಕಲಿಲ್ಲ.

ಇನ್ನೊಂದು ಸಂಗತಿ. ಚುಕ್ಕಿ ಬೀಳೋದು ಪೊಲೀಸರು ಹಿಡಿದಾಗ. ಪೊಲೀಸರು ನೋಡದ ಕಡೆ ಚುಕ್ಕಿ ಬೀಳಲ್ಲ. ಶಿಕಾಗೋದಲ್ಲೇ ಓದಿದ ಎಡ್ವಿನ್ ಸದರ್ಲ್ಯಾಂಡ್ 1939ರ ಒಂದು ಭಾಷಣದಲ್ಲಿ ‘ವೈಟ್ ಕಾಲರ್ ಕ್ರೈಮ್’ ಅನ್ನೋ ಪದ ಬಳಕೆಗೆ ತಂದರು. ಕೋಟು ಹಾಕಿಕೊಂಡು, ಆಫೀಸಲ್ಲಿ ಕೂತು ಮಾಡೋ ವಂಚನೆ. ಅದನ್ನ ಮಾಡೋರ ಮನೆ ಇರೋದು ನಕ್ಷೆಯ ಹೊರವೃತ್ತದಲ್ಲಿ, ಹುಲ್ಲುಹಾಸಿನ ಪಕ್ಕ. ಅಲ್ಲಿ ಚುಕ್ಕಿ ಇಲ್ಲ.

ಮುಂದಿನ ಅರವತ್ತು ವರ್ಷ ಬೇಗ ಹೇಳಿಬಿಡ್ತೀನಿ. ಪತ್ರದಲ್ಲಿ ಬರೆದ ನಿಷೇಧವನ್ನ ಕೋರ್ಟು ಎತ್ತಿಹಿಡಿಯುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ವಸತಿ ತಾರತಮ್ಯದ ವಿರುದ್ಧ ಕಾನೂನು 1968ರಲ್ಲಿ ಬಂತು. ಅಷ್ಟರಲ್ಲಿ ಕೆಲಸವೇ ಊರು ಬಿಡೋಕೆ ಶುರುವಾಗಿತ್ತು. ದೊಡ್ಡ ಕಸಾಯಿಖಾನೆ ಯಾರ್ಡ್ 1971ರಲ್ಲಿ ಮುಚ್ಚಿತು, 1980ರಿಂದ 1992ರೊಳಗೆ ದಕ್ಷಿಣ ಭಾಗದ ಎರಡು ದೊಡ್ಡ ಉಕ್ಕಿನ ಕಾರ್ಖಾನೆಗಳು ಮುಚ್ಚಿದವು. 1982ರಲ್ಲಿ ಇಬ್ಬರು ಲೇಖಕರು ಒಂದು ಪತ್ರಿಕೆಯಲ್ಲಿ ‘ಒಡೆದ ಕಿಟಕಿ’ ವಾದ ಮುಂದಿಟ್ಟರು. ಒಡೆದ ಗಾಜನ್ನ ಹಾಗೇ ಬಿಟ್ಟರೆ, ಇಲ್ಲಿ ಯಾರೂ ಕೇಳೋರಿಲ್ಲ ಅನ್ನೋ ಸಂದೇಶ ಹೋಗುತ್ತೆ ಅಂತ. ಮಾತು ಸರಿ ಇರಬಹುದು. ಆದರೆ ಅದನ್ನ ಹಿಡಿದುಕೊಂಡ ಎಷ್ಟೋ ಊರುಗಳು ಕಿಟಕಿಗೆ ಗಾಜು ಹಾಕಲಿಲ್ಲ, ಕಿಟಕಿ ಕೆಳಗೆ ನಿಂತ ಹುಡುಗರನ್ನ ಹಿಡಿದು ವ್ಯಾನಿಗೆ ಹಾಕಿದವು.

ಶಾ ಮತ್ತು ಮೆಕೇ ಅವರ ಪ್ರಶ್ನೆಯನ್ನ ಸರಿಯಾಗಿ ಮುಂದುವರಿಸಿದ್ದು ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಸಂಗಡಿಗರು, ಮತ್ತೆ ಶಿಕಾಗೋದಲ್ಲೇ. ನಗರವನ್ನ 343 ನೆರೆಹೊರೆಗಳಾಗಿ ಮಾಡಿಕೊಂಡು 8,782 ನಿವಾಸಿಗಳನ್ನ ಮಾತಾಡಿಸಿದರು. ಪ್ರಶ್ನೆಗಳು ಬಹಳ ಸಾಧಾರಣ. ಮಕ್ಕಳು ಸ್ಕೂಲಿಗೆ ಚಕ್ಕರ್ ಹಾಕಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಬೀದಿಯವರು ಕೇಳ್ತಾರಾ? ಗೋಡೆಗೆ ಬಣ್ಣ ಬಳೀತಿದ್ದರೆ ತಡೀತಾರಾ? ನಿಮ್ಮ ಪಕ್ಕದವರನ್ನ ನಂಬಬಹುದಾ? 1997ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಬಡತನವನ್ನ ಲೆಕ್ಕಕ್ಕೆ ತಗೊಂಡ ಮೇಲೂ, ಹೌದು ಕೇಳ್ತಾರೆ ಅನ್ನೋ ಉತ್ತರ ಜಾಸ್ತಿ ಇದ್ದ ಕಡೆ ಹಿಂಸೆ ಕಡಿಮೆ. ಜೊತೆಗೆ ಇನ್ನೊಂದು ಮಾತು. ಕಡುಬಡತನ ಒಂದೇ ಕಡೆ ಗುಡ್ಡೆ ಬಿದ್ದಾಗ, ಜನ ಪದೇ ಪದೇ ಮನೆ ಬದಲಿಸಬೇಕಾದಾಗ, ಆ ನಂಬಿಕೆಯೇ ಸವೆಯುತ್ತೆ. ಆರು ತಿಂಗಳಿಗೆ ಮನೆ ಖಾಲಿ ಮಾಡುವವನು ಯಾರ ಮಗನಿಗೆ ಬುದ್ಧಿ ಹೇಳ್ತಾನೆ?

ಕೊನೆಯದಾಗಿ ಫಿಲಡೆಲ್ಫಿಯಾದ ಒಂದು ಪ್ರಯೋಗ. ಆ ಊರಲ್ಲೂ ಕಾರ್ಖಾನೆಗಳು ಮುಚ್ಚಿ, ಮನೆಗಳು ಬಿದ್ದು, ಸಾವಿರಾರು ಖಾಲಿ ಸೈಟುಗಳಲ್ಲಿ ಕಸ, ಗಿಡಗಂಟಿ ತುಂಬಿತ್ತು. ಸಂಶೋಧಕರು 541 ಸೈಟುಗಳನ್ನ ಆರಿಸಿ, ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವಕ್ಕೆ ಕಸ ತೆಗೆದು, ಹುಲ್ಲು ಹಾಕಿ, ನಾಲ್ಕಾರು ಮರ ನೆಟ್ಟು, ಗಿಡ್ಡ ಮರದ ಬೇಲಿ ಕಟ್ಟಿದರು. ಒಳಗೆ ಹೋಗೋಕೆ ದಾರಿಯನ್ನೂ ಬಿಟ್ಟರು. ಕೆಲವಕ್ಕೆ ಕಸ ತೆಗೆದು ಹುಲ್ಲು ಕತ್ತರಿಸಿದರು, ಅಷ್ಟೇ. ಉಳಿದವನ್ನ ಹೋಲಿಕೆಗಾಗಿ ಹಾಗೇ ಬಿಟ್ಟರು. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಸರಿಪಡಿಸಿದ ಸೈಟುಗಳ ಸುತ್ತ, ಬಡ ಬಡಾವಣೆಗಳಲ್ಲಿ ಬಂದೂಕು ಹಿಂಸೆ ಶೇ. 29ರಷ್ಟು ಇಳಿದಿತ್ತು. ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ. ಯಾರ ಹೆಸರನ್ನೂ ರಿಜಿಸ್ಟರಿಗೆ ಹಾಕಿರಲಿಲ್ಲ.

ರಿಜಿಸ್ಟರ್ ಅಂದಾಗ ನಮ್ಮ ಕಡೆಯದ್ದನ್ನೂ ಮುಗಿಸಿಬಿಡ್ತೀನಿ. ಅಪರಾಧಿ ಬುಡಕಟ್ಟು ಕಾಯ್ದೆ 1952ರ ಆಗಸ್ಟ್ 31ಕ್ಕೆ ದೇಶದಲ್ಲಿ ರದ್ದಾಯ್ತು. ಆ ಸಮುದಾಯಗಳನ್ನ ಈಗ ವಿಮುಕ್ತ ಅಂತೀವಿ, ಆಗಸ್ಟ್ 31ನ್ನ ಅವರು ವಿಮುಕ್ತಿ ದಿನ ಅಂತ ಆಚರಿಸ್ತಾರೆ. ಅವರ ಸ್ಥಿತಿ ನೋಡೋಕೆ ಕೇಂದ್ರ ಸರ್ಕಾರ ಬಾಲಕೃಷ್ಣ ರೇಣಕೆ ಅವರ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು. ಅದು 2008ರಲ್ಲಿ ವರದಿ ಕೊಟ್ಟಿತು. ಕಾನೂನು ಹೋಗಿ ಅರ್ಧ ಶತಮಾನ ಕಳೆದಿದ್ದರೂ ಹುಟ್ಟಿನಿಂದಲೇ ಕಳ್ಳರು ಅನ್ನೋ ಕಳಂಕ ಅವರ ಬೆನ್ನು ಬಿಟ್ಟಿರಲಿಲ್ಲ. ಮೊದಲು ಸಮುದಾಯದ ಹೆಸರಲ್ಲಿ ಅನುಮಾನ, ಆಮೇಲೆ ಸೆಟ್ಲ್‌ಮೆಂಟ್ ಅನ್ನೋ ವಿಳಾಸದ ಹೆಸರಲ್ಲಿ. ಶಾ ಮತ್ತು ಮೆಕೇ ಜಾಗವನ್ನ ತೋರಿಸಿದ್ದು ಜನರ ಮೇಲಿನ ಆರೋಪ ಇಳಿಸೋಕೆ. ನಾವು ‘ಆ ಏರಿಯಾ’ ಅಂತ ಬೆರಳು ಮಾಡೋದು ಬಹಳ ಸಲ ಅದೇ ಆರೋಪವನ್ನ ಬೇರೆ ಬಾಗಿಲಿಂದ ಒಳಗೆ ತರೋಕೆ.

ಮುಂದಿನ ಸಂಚಿಕೆಯಲ್ಲಿ ಸೇಂಟ್ ಲೂಯಿಸ್ ನಗರದ ಪ್ರೂಯಿಟ್ ಐಗೋ. ಬಡವರಿಗೆ ಅಂತ 33 ಬಹುಮಹಡಿ ಕಟ್ಟಡ ಕಟ್ಟಿ, ಇಪ್ಪತ್ತು ವರ್ಷ ತುಂಬೋ ಹೊತ್ತಿಗೇ ಉರುಳಿಸೋಕೆ ಶುರು ಮಾಡಿದ ಕಥೆ. ಅಲ್ಲಿ ಸಿಗೋಣ, ನಮಸ್ಕಾರ.